ತೇಲದ ಅಯಸ್ಕಾಂತ: ಸಿಗಡಿ ಸಿಪ್ಪೆ, ಮೈಲುತುತ್ತು ಮತ್ತು ಒಂದು ಹಸಿರು ಬಿಲ್ಲೆ

ಫರ್ನೇಸಿನಿಂದ ಹೊರಬಂದ ಬಿಲ್ಲೆ ಕಪ್ಪಾಗಿರಬೇಕಿತ್ತು. ಬಂದದ್ದು ಬೂದು ಹಸಿರು, ಮಳೆಗಾಲದಲ್ಲಿ ಪಾಚಿ ಹಿಡಿದ ಹಂಚಿನ ಬಣ್ಣ. ಥರ್ಮೋಕೋಲ್ ಬಟ್ಟಲಿನಲ್ಲಿಟ್ಟು ದ್ರವ ಸಾರಜನಕ ಹೊಯ್ದರು. ಕುದಿ ಅಡಗಿದ ಮೇಲೆ 5 ಮಿ.ಮೀ. ಅಗಲದ ನಿಯೋಡಿಮಿಯಂ ಅಯಸ್ಕಾಂತವನ್ನು ಅದರ ಮೇಲಿಟ್ಟರು. ಅದು ಕಲ್ಲಿನ ಹಾಗೆ ಕೂತಿತು.

ಜಾಗ ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ, ಕೆಲಸ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್. ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿಗಟ್ಟಲೆ ಎಸೆಯುವ ಸಿಗಡಿ ಸಿಪ್ಪೆಯಿಂದ ಕೈಟೊಸಾನ್ ಎಂಬ ಪಾಲಿಮರ್ ತೆಗೆಯುವುದು, ಅದರ ಜೆಲ್ಲಿನೊಳಗೆ ಯಿಟ್ರಿಯಂ, ಬೇರಿಯಂ, ತಾಮ್ರದ ಲವಣ ಕರಗಿಸುವುದು, ಒಣಗಿಸಿ ಸುಡುವುದು, ಉಳಿದ ಆಕ್ಸೈಡನ್ನು ಬಿಲ್ಲೆ ಮಾಡಿ ಅಯಸ್ಕಾಂತ ತೇಲಿಸಿ ತೋರಿಸುವುದು. ಯೋಜನೆ ಇಷ್ಟೇ. ಒಂದು ಯಿಟ್ರಿಯಂ, ಎರಡು ಬೇರಿಯಂ, ಮೂರು ತಾಮ್ರ ಇರುವ ಈ ಆಕ್ಸೈಡಿಗೆ ವೈಬಿಸಿಒ ಎನ್ನುತ್ತಾರೆ. ಪ್ರಯೋಗಾಲಯದ ಬಾಯಿಮಾತಿನಲ್ಲಿ ಬರೀ 123. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡುಗಳಲ್ಲಿ ಅತಿವಾಹಕತೆ ಕಂಡರು: ವಿದ್ಯುತ್ತಿಗೆ ತಡೆಯೇ ಇಲ್ಲದ, ಕಾಂತಕ್ಷೇತ್ರವನ್ನು ಹೊರತಳ್ಳುವ ಸ್ಥಿತಿ. ಮರುವರ್ಷವೇ ಪಾಲ್ ಚು ಮತ್ತು ಮೌ-ಕುಎನ್ ವು ತಂಡಗಳು 123 ಅನ್ನು ಹೊರತಂದವು. ಅದು 92 ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕ. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ನಡುವಿನ ಈ 15 ಡಿಗ್ರಿ ಇರುವುದರಿಂದಲೇ ಇನ್ನೂ ತಣ್ಣನೆಯ ದ್ರವ ಹೀಲಿಯಂ ಇಲ್ಲದ ಕಾಲೇಜು ಕೂಡ ಇದಕ್ಕೆ ಕೈ ಹಾಕಬಹುದು.

ಆ ಬಿಲ್ಲೆ ಯಾಕೆ ಹಸಿರಾಯಿತು, ಯಾವ ಪರೀಕ್ಷೆಯಿಂದ ತಪ್ಪು ಎಲ್ಲಿದೆ ಎಂದು ತಿಳಿಯಿತು, ಎರಡನೇ ಸಲ ಏನು ಬದಲಾಯಿಸಿದರು ಎನ್ನುವುದೇ ಈ ಪ್ರಕರಣ.

ಕೈಟೊಸಾನಿನ ಕೆಲಸ ಏನು

ಹಳೆಯ ಕ್ರಮದಲ್ಲಿ ಯಿಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ತಾಮ್ರದ ಆಕ್ಸೈಡ್ ಮೂರನ್ನೂ ಅಗೇಟ್ ಒರಳಿನಲ್ಲಿ ಅರೆದು ಸುಡುತ್ತಾರೆ. ಮತ್ತೆ ಅರೆದು ಮತ್ತೆ ಸುಡುತ್ತಾರೆ. ಎಷ್ಟು ಅರೆದರೂ ಕಣಗಳು ಕೆಲವು ಮೈಕ್ರಾನ್‌ಗಿಂತ ಸಣ್ಣದಾಗುವುದು ಕಷ್ಟ. ಘನದೊಳಗೆ ಅಯಾನು ಸಾಗಲು ಬೇಕಾದ ಸಮಯ ದೂರದ ವರ್ಗದಂತೆ ಏರುತ್ತದೆ. 10 ಮೈಕ್ರಾನ್ ದೂರವನ್ನು 0.1 ಮೈಕ್ರಾನಿಗೆ ಇಳಿಸಿದರೆ ಸಮಯ ಹತ್ತು ಸಾವಿರ ಪಟ್ಟು ಇಳಿಯುತ್ತದೆ. ಜೆಲ್ ಮಾಡುವುದು ಇದನ್ನೇ: ನೀರಿನಲ್ಲಿ ಬೆರೆತ ಅಯಾನುಗಳನ್ನು ಬೆರೆತ ಸ್ಥಿತಿಯಲ್ಲೇ ಹಿಡಿದು ಒಣಗಿಸುತ್ತದೆ. ಸುಡುವಾಗ ಹುಟ್ಟುವ ಬೇರಿಯಂ ಕಾರ್ಬೊನೇಟಿನ ಹರಳುಗಳು ಒಂದನ್ನೊಂದು ಸೇರಿ ದೊಡ್ಡದಾಗದಂತೆ ಪಾಲಿಮರ್ ಮತ್ತು ಅದರ ಮಸಿ ಅಡ್ಡ ನಿಲ್ಲುತ್ತವೆ.

ಎರಡನೆಯ ಉಪಯೋಗ ಆಕಾರದ್ದು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸೈಮನ್ ಹಾಲ್ 2006ರಲ್ಲಿ ಕೈಟೊಸಾನ್ ಬಳಸಿ ಅತಿವಾಹಕದ ನ್ಯಾನೊತಂತಿಗಳನ್ನು ಬೆಳೆಸಿದರು. 2008ರಲ್ಲಿ ಅವರ ಗುಂಪು ಕಣವ (ಕಟಲ್‌ಫಿಶ್) ಎಂಬ ಕಡಲಜೀವಿಯ ಒಳಚಿಪ್ಪನ್ನೇ ಅಚ್ಚಾಗಿ ಬಳಸಿ ಪದರ ಪದರವಾದ, ರಂಧ್ರಭರಿತ ವೈಬಿಸಿಒ ಮಾಡಿತು. ಇದು ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಮುದ್ರಫೇನ ಎಂದು ಸಿಗುವ ವಸ್ತು; ಗಾಳಿಮಳೆಯ ನಂತರ ಕರಾವಳಿಯ ಮರಳಿನ ಮೇಲೂ ಬಿದ್ದಿರುತ್ತದೆ. 2014ರಲ್ಲಿ ಅದೇ ಗುಂಪು ಜಪಾನಿನ ಸಹೋದ್ಯೋಗಿಗಳ ಜತೆ, ಬಿಸಿ ಮಾಡುತ್ತಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಈ ತಂತಿಗಳು ರಂಧ್ರಗಳೊಳಗಿನ ಪುಟ್ಟ ಕರಗು ಹನಿಗಳಿಂದ ಹೊರಚಾಚುವುದನ್ನು ತೋರಿಸಿತು. ಪ್ರತಿ ರಂಧ್ರವೂ ಒಂದು ಸಣ್ಣ ಮೂಸೆ. ಅಂದ ಹಾಗೆ, ಅಲ್ಲಿ ಬೆಳೆದ ತಂತಿ 123 ಅಲ್ಲ, 211: ಎರಡು ಯಿಟ್ರಿಯಂ, ಒಂದು ಬೇರಿಯಂ, ಒಂದು ತಾಮ್ರ. ಹಸಿರು ಬಣ್ಣದ ಈ ಆಕ್ಸೈಡ್ ಅತಿವಾಹಕವೇ ಅಲ್ಲ. ಈ ಪ್ರಕರಣದಲ್ಲಿ ಅದು ಮತ್ತೆ ಬರುತ್ತದೆ.

ಅತಿವಾಹಕತೆ ಬರುವುದು ತಾಮ್ರ-ಆಮ್ಲಜನಕ ಪದರಗಳಿಂದ, ಸಿಗಡಿಯಿಂದಲ್ಲ. ಕೈಟೊಸಾನ್ ಸುಟ್ಟು ಹೋಗುವ ವಸ್ತು. ಅದು ಬಿಟ್ಟು ಹೋಗುವ ಒಳ್ಳೆಯದು ಬೆರಕೆ ಮತ್ತು ಆಕಾರ, ಕೆಟ್ಟದ್ದು ಬೂದಿ. ಪ್ರಾಜೆಕ್ಟಿನ ಮೊದಲ ವರದಿಯಲ್ಲಿ 'ಜೈವಿಕ ಅತಿವಾಹಕ' ಎಂಬ ಪದವಿತ್ತು. ಅಲ್ಲೇ ದಿಕ್ಕು ತಪ್ಪಿತ್ತು ಎನ್ನಬೇಕು. ಏಕೆಂದರೆ ಬಿಲ್ಲೆ ಕೆಟ್ಟಾಗ ಎಲ್ಲರ ಕಣ್ಣೂ ಕೈಟೊಸಾನಿನ ಮೇಲೇ ಹೋಯಿತು. ತಪ್ಪು ಬೇರೆ ಬಾಟಲಿಯಲ್ಲಿತ್ತು.

ಮೊದಲ ಸಲ

ಗುರಿ 2 ಗ್ರಾಂ 123, ಅಂದರೆ 3 ಮಿಲಿಮೋಲ್ (ತೂಕದ ಬದಲು ಕಣಗಳ ಎಣಿಕೆಯ ಅಳತೆ). ಅದಕ್ಕೆ 3 ಮಿಲಿಮೋಲ್ ಯಿಟ್ರಿಯಂ, 6 ಬೇರಿಯಂ, 9 ತಾಮ್ರ ಬೇಕು.

ಸಿಪ್ಪೆಯ ಕೆಲಸ ಕ್ರಮವಾಗಿಯೇ ನಡೆದಿತ್ತು. ತೊಳೆದು ಒಣಗಿಸಿದ 50 ಗ್ರಾಂ ಸಿಪ್ಪೆಯನ್ನು 1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ನೊರೆ ನಿಲ್ಲುವ ತನಕ ಇಟ್ಟು ಸುಣ್ಣ ತೆಗೆದರು. ಶೇ. 4ರ ಕಾಸ್ಟಿಕ್ ಸೋಡಾದಲ್ಲಿ 80 ಡಿಗ್ರಿಗೆ ಕಾಯಿಸಿ ಪ್ರೋಟೀನ್ ತೆಗೆದರು. ಕೊನೆಗೆ ಶೇ. 45ರ ಕಾಸ್ಟಿಕ್‌ನಲ್ಲಿ 110 ಡಿಗ್ರಿಗೆ ಕೆಲವು ಗಂಟೆ ಬೇಯಿಸಿ ಕೈಟಿನ್ನಿನ ಅಸಿಟೈಲ್ ಗುಂಪು ಕಳಚಿದರು. ಶೇ. 1ರ ಅಸಿಟಿಕ್ ಆಮ್ಲದಲ್ಲಿ ಕರಗಿದರೆ ಅದು ಕೈಟೊಸಾನ್; ಕರಗದೆ ಉಬ್ಬಿ ತೇಲುತ್ತಿದ್ದರೆ ಇನ್ನೂ ಕೈಟಿನ್. ಅವರದು ಕರಗಿತು, ಗಂಜಿಯ ತಿಳಿಯ ಹಾಗೆ ತುಸು ಮಬ್ಬಾಗಿ.

ಯಿಟ್ರಿಯಂ ನೈಟ್ರೇಟ್, ಬೇರಿಯಂ ನೈಟ್ರೇಟ್ ಕಂಪನಿಯ ಬಾಟಲಿಯದ್ದು. ತಾಮ್ರದ ನೈಟ್ರೇಟ್ ಸ್ಟಾಕಿನಲ್ಲಿ ಇರಲಿಲ್ಲ, ತರಿಸಲು ಸಮಯವೂ ಇರಲಿಲ್ಲ. ಅಡಿಕೆ ತೋಟದ ಊರಿನಲ್ಲಿ ಮೈಲುತುತ್ತಿಗೆ, ಅಂದರೆ ತಾಮ್ರದ ಸಲ್ಫೇಟಿಗೆ, ಬರವೇ? ಅಡಿಕೆಯ ಕೊಳೆರೋಗವಾದ ಮಹಾಳಿಗೆ ಮದ್ದು ಬಿಡಲು ಪ್ರತಿ ಮನೆಯಲ್ಲೂ ಇರುತ್ತದೆ: 100 ಲೀಟರ್ ನೀರಿಗೆ 1 ಕಿಲೊ ತುತ್ತು, 1 ಕಿಲೊ ಸುಣ್ಣ, ಬೋರ್ಡೋ ದ್ರಾವಣ. ಒಬ್ಬ ವಿದ್ಯಾರ್ಥಿ ಮನೆಯಿಂದ ತಂದ ಹರಳುಗಳನ್ನು ಒಂದು ಸಲ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಮರುಹರಳುಗಟ್ಟಿಸಿದರು. ಸಲ್ಫೇಟ್ ಇರುವಾಗ ಬೇರಿಯಂ ದ್ರಾವಣದಲ್ಲಿ ಉಳಿಯುವುದಿಲ್ಲ, ಬಿಳಿ ಗಸಿಯಾಗಿ ಇಳಿಯುತ್ತದೆ ಎಂದು ಅವರಿಗೆ ತಿಳಿದಿತ್ತು. ಹಾಗಾಗಿ 2.25 ಗ್ರಾಂ ತುತ್ತನ್ನು ನೀರಿನಲ್ಲಿ ಕರಗಿಸಿ, ಅದಕ್ಕೆ ವಾಷಿಂಗ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರು. ತಾಮ್ರವೆಲ್ಲ ತಿಳಿ ಹಸಿರು ಗಸಿಯಾಗಿ ಇಳಿದು, ಮೇಲಿನ ನೀರಿನ ನೀಲಿ ಹೋದೊಡನೆ ಸೋಡಾ ನಿಲ್ಲಿಸಿದರು. ಗಸಿಯನ್ನು ನಾಲ್ಕು ಸಲ ತೊಳೆದು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರು. ಗಾಜಿನಂಥ ತಿಳಿ ನೀಲಿ ದ್ರಾವಣ ಬಂತು. ಅನುಮಾನಕ್ಕೆ ಎಡೆಯೇ ಇಲ್ಲ.

ಅದನ್ನು ಬೇರಿಯಂ, ಯಿಟ್ರಿಯಂ ಇದ್ದ ಕೈಟೊಸಾನ್ ದ್ರಾವಣಕ್ಕೆ ಹೊಯ್ದಾಗ ಮಬ್ಬು ಹೆಚ್ಚಾಯಿತು. ಲ್ಯಾಬ್ ಪುಸ್ತಕದಲ್ಲಿ ಆ ದಿನದ ಟಿಪ್ಪಣಿ: 'ಕೈಟೊಸಾನ್ ಸ್ವಲ್ಪ ಬಿಳಿಚಿತು.' ಇಡೀ ಪ್ರಕರಣದ ಗುಟ್ಟು ಆ ಒಂದು ಸಾಲಿನಲ್ಲಿದೆ.

ಮುಂದೆ 80 ಡಿಗ್ರಿಯಲ್ಲಿ ಒಣಗಿಸಿ, 920 ಡಿಗ್ರಿಯಲ್ಲಿ ಸುಟ್ಟು, ಅರೆದು, ಬಿಲ್ಲೆ ಒತ್ತಿ, 930ರಲ್ಲಿ 12 ಗಂಟೆ, ಆಮ್ಲಜನಕದ ಹರಿವಿನಲ್ಲಿ 450ರಲ್ಲಿ 12 ಗಂಟೆ. ಹಸಿರು ಬಿಲ್ಲೆ.

ನಾಲ್ಕು ಅನುಮಾನಗಳು

ತೇಲದ ಬಿಲ್ಲೆಗೆ ಸಾಮಾನ್ಯವಾಗಿ ಮೊದಲು ಬೀಳುವ ಆರೋಪ ಆಮ್ಲಜನಕದ ಕೊರತೆ. 123ರ ಸೂತ್ರದಲ್ಲಿ ಆಮ್ಲಜನಕ 7ಕ್ಕೆ ಹತ್ತಿರ ಇದ್ದರೆ 92 ಕೆಲ್ವಿನ್, 6.6ಕ್ಕೆ ಇಳಿದರೆ ಸುಮಾರು 60 ಕೆಲ್ವಿನ್, 6.35ಕ್ಕಿಂತ ಕೆಳಗೆ ಅತಿವಾಹಕತೆಯೇ ಇಲ್ಲ. 60 ಕೆಲ್ವಿನ್ ಅಂದರೆ 77ರ ಸಾರಜನಕದಲ್ಲಿ ಏನೂ ಕಾಣುವುದಿಲ್ಲ. ಇದನ್ನು ಪರೀಕ್ಷಿಸಲು ದುಬಾರಿ ಯಂತ್ರ ಬೇಡ, ಹೊಲಿಗೆ ನೂಲು ಸಾಕು. ಅಯಸ್ಕಾಂತವನ್ನು ಒಂದು ಅಡಿ ನೂಲಿಗೆ ಅಂಟಿಸಿ ನೇತುಹಾಕಿ, ಫ್ಯಾನ್ ಆರಿಸಿ, ತಣ್ಣಗಾದ ಬಿಲ್ಲೆಯನ್ನು ಬದಿಯಿಂದ ಮೆಲ್ಲನೆ ಹತ್ತಿರ ತರಬೇಕು. ತೇಲಿಸುವಾಗ ಅಯಸ್ಕಾಂತದ ಪೂರ್ತಿ ಭಾರವನ್ನು ಎತ್ತಬೇಕು. ಇಲ್ಲಿ ಓರೆ ಮಾಡಿದರೆ ಸಾಕು. ಆ ಹಸಿರು ಬಿಲ್ಲೆ ಅಯಸ್ಕಾಂತವನ್ನು ಒಂದೆರಡು ಮಿಲಿಮೀಟರ್ ಆಚೆ ತಳ್ಳಿತು. ಬಿಲ್ಲೆ ಬೆಚ್ಚಗಾದೊಡನೆ ನೂಲು ನೇರವಾಯಿತು. ಅಂದರೆ 77 ಕೆಲ್ವಿನ್‌ಗಿಂತ ಮೇಲೆ ಅತಿವಾಹಕವಾಗುವ 123 ಒಳಗಿದೆ, ಅದಕ್ಕೆ ಆಮ್ಲಜನಕವೂ ಸಿಕ್ಕಿದೆ. ಇರುವುದು ಕಡಿಮೆ, ಅಷ್ಟೇ. ಮೊದಲ ಅನುಮಾನ ಬಹುಮಟ್ಟಿಗೆ ಬಿದ್ದುಹೋಯಿತು. ಈ ನೂಲಿನ ಪರೀಕ್ಷೆ ಮಾಡದೆ ಆಮ್ಲಜನಕದಲ್ಲಿ ಇನ್ನೆರಡು ದಿನ ಕಾಯಿಸುವವರೇ ಹೆಚ್ಚು.

ಎರಡನೆಯದು ಸಿಪ್ಪೆಯ ಸುಣ್ಣ. ಕೈಟೊಸಾನ್ 1 ಗ್ರಾಂ ತೂಗಿ 900 ಡಿಗ್ರಿಯಲ್ಲಿ ಸುಟ್ಟರೆ ಉಳಿದ ಬೂದಿ 6 ಮಿ.ಗ್ರಾಂ. ಬಳಸಿದ್ದು 2 ಗ್ರಾಂ. ಬೂದಿಯೆಲ್ಲ ಕ್ಯಾಲ್ಸಿಯಂ ಆಕ್ಸೈಡ್ ಎಂದೇ ಹಿಡಿದರೂ 12 ಮಿ.ಗ್ರಾಂ., ಸುಮಾರು 0.2 ಮಿಲಿಮೋಲ್. ಯಿಟ್ರಿಯಂ 3 ಮಿಲಿಮೋಲ್ ಇರುವಲ್ಲಿ ಇದು ಶೇ. 7. ಕ್ಯಾಲ್ಸಿಯಂ ಯಿಟ್ರಿಯಂನ ಜಾಗದಲ್ಲಿ ಕೂತು ಅತಿವಾಹಕ ತಾಪವನ್ನು ಕೆಲವು ಡಿಗ್ರಿ ಇಳಿಸುತ್ತದೆ, ಸೊನ್ನೆ ಮಾಡುವುದಿಲ್ಲ. ಸುಧಾರಿಸಬೇಕಾದ್ದು ನಿಜ, ಆದರೆ ಹಸಿರಿಗೆ ಕಾರಣ ಇದಲ್ಲ.

ಮೂರನೆಯದು ಬೇರಿಯಂ ಕಾರ್ಬೊನೇಟ್ ಪೂರ್ತಿ ಒಡೆಯದೆ ಉಳಿಯುವುದು. ಪಾಲಿಮರ್ ಸುಡುವಲ್ಲೆಲ್ಲ ಈ ಅಪಾಯ ಇದ್ದದ್ದೇ. ಬಾಗಿಲು ಬಿಗಿದ ಫರ್ನೇಸಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಕಾರ್ಬೊನೇಟ್ ಒಡೆಯುವುದು ನಿಧಾನವಾಗುತ್ತದೆ. ನಾಲ್ಕನೆಯದು ಸಲ್ಫೇಟ್. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಒಂದು ಟೆಸ್ಟ್ ಟ್ಯೂಬಿನದ್ದು. ಬಿಲ್ಲೆಯ ಪುಡಿಯನ್ನು ಬೆಚ್ಚಗಿನ ದುರ್ಬಲ ನೈಟ್ರಿಕ್ ಆಮ್ಲಕ್ಕೆ ಹಾಕಿದರೆ 123, 211, ತಾಮ್ರದ ಆಕ್ಸೈಡ್, ಬೇರಿಯಂ ಕಾರ್ಬೊನೇಟ್ ಎಲ್ಲವೂ ಕರಗುತ್ತವೆ. ಬೇರಿಯಂ ಸಲ್ಫೇಟ್ ಕರಗುವುದಿಲ್ಲ. ಗುಳ್ಳೆ ಬಂತೆಂದು ಕಾರ್ಬೊನೇಟ್ ಎನ್ನಬಾರದು; 123 ಕೂಡ ಆಮ್ಲದಲ್ಲಿ ಆಮ್ಲಜನಕದ ಗುಳ್ಳೆ ಬಿಡುತ್ತದೆ. ನೋಡಬೇಕಾದ್ದು ತಳವನ್ನು.

100 ಮಿ.ಗ್ರಾಂ. ಪುಡಿ ಹಾಕಿದರು. ನೀಲಿ ದ್ರಾವಣದ ತಳದಲ್ಲಿ ರಂಗೋಲಿ ಹಿಟ್ಟಿನಂತೆ ಬಿಳಿ ಗಸಿ ಕೂತಿತು. ಸೋಸಿ, ತೊಳೆದು, ಒಣಗಿಸಿ ತೂಗಿದರೆ 21 ಮಿ.ಗ್ರಾಂ.

ಎಕ್ಸ್-ರೇ ಯಾವ ಕೋನಗಳಲ್ಲಿ ಚದುರುತ್ತದೆ ಎಂದು ನೋಡಿ ಹರಳನ್ನು ಗುರುತಿಸುವ ಎಕ್ಸ್-ರೇ ವಿವರ್ತನೆಯ ಪಟವೂ ಅದನ್ನೇ ಹೇಳಿತು. ತಾಮ್ರದ ಎಕ್ಸ್-ರೇ ಬಳಸಿದಾಗ 123ರ ದೊಡ್ಡ ಶಿಖರ 32.8 ಡಿಗ್ರಿ ಹತ್ತಿರ, 211ರದ್ದು 30ರ ಆಚೀಚೆ, ಬೇರಿಯಂ ಸಲ್ಫೇಟಿನದ್ದು 25.9 ಮತ್ತು 28.8, ತಾಮ್ರದ ಆಕ್ಸೈಡಿನದ್ದು 35.5 ಮತ್ತು 38.7. ಎಲ್ಲವೂ ಹಾಜರಿದ್ದವು. ಕಾರ್ಬೊನೇಟ್ ಇದ್ದರೆ ಕಾಣಬೇಕಾದ 23.9ರಲ್ಲಿ ಏನೂ ಇರಲಿಲ್ಲ. ಪಟವನ್ನು ಮೊದಲು ನೋಡಿದಾಗ 123, 211, ಕಾರ್ಬೊನೇಟ್ ಮಾತ್ರ ಹುಡುಕಿದ್ದರಿಂದ 25.9ರ ಶಿಖರವನ್ನು 'ಅಜ್ಞಾತ' ಎಂದು ಬರೆದು ಬಿಟ್ಟಿದ್ದರು. ಹುಡುಕದಿದ್ದರೆ ಶಿಖರ ಕಂಡರೂ ಕಾಣುವುದಿಲ್ಲ.

ತಿಳಿ ನೀಲಿಯ ಮೋಸ

ಅಷ್ಟು ಸಲ ತೊಳೆದ ಗಸಿಯಲ್ಲಿ ಸಲ್ಫೇಟ್ ಎಲ್ಲಿಂದ ಬಂತು? ತಾಮ್ರದ ಸಲ್ಫೇಟಿಗೆ ಕ್ಷಾರವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿದಾಗ ಮೊದಲು ಇಳಿಯುವುದು ಬರೀ ಕಾರ್ಬೊನೇಟ್ ಅಥವಾ ಹೈಡ್ರಾಕ್ಸೈಡ್ ಅಲ್ಲ. ನಾಲ್ಕು ತಾಮ್ರಕ್ಕೆ ಆರು ಹೈಡ್ರಾಕ್ಸೈಡ್, ಒಂದು ಸಲ್ಫೇಟ್ ಸೇರಿದ ಕ್ಷಾರೀಯ ಸಲ್ಫೇಟ್ ಕೂಡ ಇಳಿಯುತ್ತದೆ. ಹಳೆಯ ತಾಮ್ರದ ಮೇಲೆ ಹಸಿರಾಗಿ ಕಟ್ಟುವ ಬ್ರೋಕಾಂಟೈಟ್ ಇದೇ. ನೀರಿನ ನೀಲಿ ಪೂರ್ತಿ ಹೋಗಲು ಇಷ್ಟೇ ಕ್ಷಾರ ಸಾಕು. ಅಲ್ಲಿಗೇ ನಿಲ್ಲಿಸಿದರೆ ಸಲ್ಫೇಟ್ ಗಸಿಯ ಹರಳಿನೊಳಗೇ ಇರುತ್ತದೆ. ನಾಲ್ಕು ಸಲವಲ್ಲ, ನಲವತ್ತು ಸಲ ತೊಳೆದರೂ ಹೋಗದು. ನೈಟ್ರಿಕ್ ಆಮ್ಲದಲ್ಲಿ ಮಾತ್ರ ಪೂರ್ತಿ ಕರಗಿ ತಿಳಿಯಾಗುತ್ತದೆ. ತಿಳಿಯಾಗಿದೆ ಅಂದರೆ ಶುದ್ಧ ಎಂದರ್ಥವಲ್ಲ.

ಲೆಕ್ಕ ನೋಡಿ. 9 ಮಿಲಿಮೋಲ್ ತಾಮ್ರವೆಲ್ಲ ಹೀಗೆ ಇಳಿದಿದ್ದರೆ 2.25 ಮಿಲಿಮೋಲ್ ಸಲ್ಫೇಟ್. ಆಗ 100 ಮಿ.ಗ್ರಾಂ. ಬಿಲ್ಲೆಯಲ್ಲಿ 24 ಮಿ.ಗ್ರಾಂ. ಬಿಳಿ ಗಸಿ ಸಿಗಬೇಕು. ಸಿಕ್ಕಿದ್ದು 21, ಅಂದರೆ ಬಹುಪಾಲು ಗಸಿ ಕ್ಷಾರೀಯ ಸಲ್ಫೇಟೇ. ಹಿಂದಕ್ಕೆ ಲೆಕ್ಕ ಹಾಕಿದರೆ ಬೇರಿಯಂನ ಮೂರರಲ್ಲಿ ಒಂದು ಪಾಲು ಸಲ್ಫೇಟಾಗಿ ಕಳೆದುಹೋಗಿದೆ. ಬೇರಿಯಂ ಸಲ್ಫೇಟ್ 930 ಡಿಗ್ರಿಯಲ್ಲಿ ತಾನಾಗಿ ಒಡೆಯುವ ವಸ್ತುವಲ್ಲ. ಉಳಿದ ಬೇರಿಯಂ ಸೂತ್ರದ 2ರ ಬದಲು ಸುಮಾರು 1.36. ಆಗ ಯಿಟ್ರಿಯಂನಲ್ಲಿ ಶೇ. 57 ಮಾತ್ರ 123 ಸೇರುತ್ತದೆ. ಮಿಕ್ಕ ಶೇ. 43 ಬೇರಿಯಂ ಕಡಿಮೆ ಬೇಡುವ 211 ಆಗುತ್ತದೆ, ಮೇಲೆ ತಾಮ್ರದ ಆಕ್ಸೈಡ್ ಉಳಿಯುತ್ತದೆ. ಬಿಲ್ಲೆಯ ತೂಕದಲ್ಲಿ ಅತಿವಾಹಕ ಅರ್ಧದಷ್ಟು. ಅದೂ ಹಸಿರು, ಬಿಳಿ, ಕಪ್ಪು ಕಸದ ನಡುವೆ ದ್ವೀಪ ದ್ವೀಪವಾಗಿ. ನೂಲು ಓರೆಯಾಗಲು ಸಾಕು, ಭಾರ ಎತ್ತಲು ಸಾಲದು.

ಇದನ್ನು ಐದು ನಿಮಿಷದಲ್ಲಿ ಮೊದಲೇ ಕಂಡುಹಿಡಿಯಬಹುದಿತ್ತು: ತಾಮ್ರದ ನೈಟ್ರೇಟಿನ ನಾಲ್ಕು ಹನಿಗೆ ಒಂದು ಹನಿ ನೈಟ್ರಿಕ್ ಆಮ್ಲ, ಎರಡು ಹನಿ ಬೇರಿಯಂ ನೈಟ್ರೇಟ್. ಬಿಳಿಚಿದರೆ ಆ ದ್ರಾವಣ ಕೆಲಸಕ್ಕೆ ಬಾರದು. ಕೈಟೊಸಾನ್ ಇಲ್ಲದ ತಿಳಿ ನೀರಿನಲ್ಲಿ ಈ ಪರೀಕ್ಷೆ ಆಗಬೇಕು. ಜೆಲ್ಲಿನ ಮಬ್ಬಿನಲ್ಲಿ ಸಲ್ಫೇಟಿನ ಮಬ್ಬು ಅಡಗಿ ಹೋಗುತ್ತದೆ. ಇಲ್ಲಿ ಆದದ್ದೂ ಅದೇ.

ಹಟ ಹಿಡಿದು ತುತ್ತಿನಿಂದಲೇ ಮಾಡುವುದಾದರೆ ಕ್ರಮ ತಿರುಗಿಸಬೇಕು: ಬಿಸಿಯಾದ, ಬೇಕಾದ್ದಕ್ಕಿಂತ ಹೆಚ್ಚು ಸೋಡಾ ಇರುವ ದ್ರಾವಣಕ್ಕೆ ತಾಮ್ರವನ್ನು ಹನಿಸಬೇಕು. ಆಗಲೂ ತೋಟದ ತುತ್ತಿನಲ್ಲಿ ಇರಬಹುದಾದ ಕಬ್ಬಿಣ, ಸತುವಿನ ಭಯ ತಪ್ಪಿದ್ದಲ್ಲ. ಸತುವು ತಾಮ್ರದ ಪದರದಲ್ಲೇ ಕೂರುತ್ತದೆ, ಶೇ. 1 ಸೇರಿದರೂ ಅತಿವಾಹಕ ತಾಪ ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಕುಸಿಯುತ್ತದೆ. ಇರುವ ಅಂತರವೇ 15 ಡಿಗ್ರಿ. ತುತ್ತು ಅಡಿಕೆ ಗೊನೆಗೇ ಸರಿ.

ಇದೇ ಕಾರಣಕ್ಕೆ ಕಡಲಪಾಚಿಯ ಕ್ಯಾರಗೀನನ್ ಇಲ್ಲಿ ನಡೆಯದು. ಅದರ ಸರಪಳಿಯಲ್ಲೇ ಸಲ್ಫೇಟ್ ಇದೆ. ಕಂದು ಪಾಚಿಯ ಆಲ್ಜಿನೇಟ್‌ನಲ್ಲಿ ಸಲ್ಫೇಟಿನ ಕಾಟ ಇಲ್ಲ, ಆದರೆ ಅದು ಬೇರಿಯಂಗಿಂತ ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಗೋಲಿ ಮಾಡಿ ತೊಳೆದರೆ 1:2:3 ಅಲ್ಲೇ ಕೆಡುತ್ತದೆ.

ಎರಡನೇ ಸಲ

ತಾಮ್ರಕ್ಕೆ ಸಿಕ್ಕಿದ ಪರಿಹಾರ ಸರಳ: ವಿದ್ಯುತ್ ಅಂಗಡಿಯ ಬರೀ ತಾಮ್ರದ ಅರ್ಥಿಂಗ್ ತಂತಿ. ವಿದ್ಯುತ್ತಿಗೆ ಮಾಡಿದ ತಾಮ್ರ ಶೇ. 99.9 ಶುದ್ಧ. ತವರ ಲೇಪಿಸಿದ ಬೆಳ್ಳಿ ಬಣ್ಣದ ತಂತಿ ಬೇಡ. ಮೋಟಾರ್ ಸುತ್ತುವ ವಾರ್ನಿಷ್ ತಂತಿಯಾದರೆ ಉಪ್ಪುಕಾಗದದಿಂದ ಉಜ್ಜಿ ಲೇಪ ತೆಗೆಯಬೇಕು. 0.572 ಗ್ರಾಂ ತೂಗಿ, ಸಮಪಾಲು ನೀರು ಬೆರೆಸಿದ ನೈಟ್ರಿಕ್ ಆಮ್ಲ 4 ಮಿ.ಲೀ.ನಲ್ಲಿ ಕರಗಿಸಬೇಕು. ಕಂದು ಹೊಗೆ ಏಳುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಮಾಡಕೂಡದು. ತೂಕದ ಲೆಕ್ಕದಲ್ಲೂ ಲಾಭವಿದೆ. ತಾಮ್ರದ ನೈಟ್ರೇಟ್ ಮತ್ತು ಯಿಟ್ರಿಯಂ ನೈಟ್ರೇಟ್ ಎರಡೂ ಗಾಳಿಯ ತೇವ ಹೀರುವ ಲವಣಗಳು. ಜೂನಿನಲ್ಲಿ ಕಾಸರಗೋಡಿನ ಗಾಳಿಯಲ್ಲಿ ಬಾಟಲಿ ತೆರೆದು ತೂಗುವಷ್ಟರಲ್ಲೇ ತೂಕ ಏರುತ್ತದೆ. ತಂತಿ ಏರುವುದಿಲ್ಲ.

ಯಿಟ್ರಿಯಂಗೂ ಅದೇ ಉಪಾಯ: 900 ಡಿಗ್ರಿಯಲ್ಲಿ ಕಾಯಿಸಿ, ತೇವ ತಾಗದ ಮುಚ್ಚಿದ ಪಾತ್ರೆಯಲ್ಲಿ (ಡೆಸಿಕೇಟರ್) ಆರಿಸಿದ ಯಿಟ್ರಿಯಂ ಆಕ್ಸೈಡ್ 0.339 ಗ್ರಾಂ, ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿದ್ದು. ಬೇರಿಯಂ ನೈಟ್ರೇಟ್ ತೇವ ಹೀರುವುದಿಲ್ಲ, 1.568 ಗ್ರಾಂ, 40 ಮಿ.ಲೀ. ಬೆಚ್ಚಗಿನ ನೀರಿನಲ್ಲಿ. ತಾಮ್ರ ಮತ್ತು ಯಿಟ್ರಿಯಂ ದ್ರಾವಣಗಳನ್ನು ಪಾಕದ ಹದಕ್ಕೆ ಇಂಗಿಸಿ ಹೆಚ್ಚಿನ ಆಮ್ಲ ಓಡಿಸಿ, ನೀರು ಸೇರಿಸಿ, ನಂತರ ಬೇರಿಯಂ. ಆಮ್ಲ ಉಳಿದರೆ ಎರಡು ತೊಂದರೆ: ಕೈಟೊಸಾನಿನ ಸರಪಳಿ ತುಂಡಾಗಿ ಜೆಲ್ ನೀರಾಗುತ್ತದೆ, ನೈಟ್ರೇಟ್ ಹೆಚ್ಚಾದಷ್ಟೂ ಬೇರಿಯಂ ನೈಟ್ರೇಟ್ ಬೇಗ ಹರಳಾಗಿ ಬೀಳುತ್ತದೆ. ಕರಗುವ ಬೇರಿಯಂ ಲವಣ ಒಂದು ಗ್ರಾಮಿನಷ್ಟು ಹೊಟ್ಟೆಗೆ ಹೋದರೂ ಪ್ರಾಣಾಪಾಯ. ಕೈಗವಸು ಬೇಕು, ಬೆಂಚಿನ ಮೇಲೆ ಚಹಾ ಬೇಡ. ತೊಳೆದ ನೀರಿಗೆ ಸೋಡಿಯಂ ಸಲ್ಫೇಟ್ ಹಾಕಿ ಬೇರಿಯಂ ಇಳಿಸಿಯೇ ಚೆಲ್ಲಬೇಕು. ಬಿಲ್ಲೆ ಕೆಡಿಸಿದ ಸಲ್ಫೇಟ್ ಇಲ್ಲಿ ರಕ್ಷಕ.

ಕೈಟೊಸಾನಿನ ಸುಣ್ಣ ತೆಗೆಯುವ ಹಂತವನ್ನು ಹೊಸ ಆಮ್ಲದಲ್ಲಿ ಎರಡನೇ ಸಲ ಮಾಡಿದರು. ಕ್ಲೋರೈಡ್ ಉಳಿದಿಲ್ಲವೆಂದು ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟು ನೋಡಿದರು. 2 ಗ್ರಾಂ ಕೈಟೊಸಾನ್, ಶೇ. 1ರ ಅಸಿಟಿಕ್ ಆಮ್ಲ 100 ಮಿ.ಲೀ., ರಾತ್ರಿಯಿಡೀ ಮ್ಯಾಗ್ನೆಟಿಕ್ ಸ್ಟರರ್ ಮೇಲೆ. ಬೆಳಿಗ್ಗೆ ನೈಲಾನ್ ಬಟ್ಟೆಯಲ್ಲಿ ಸೋಸಿದ್ದು. ಲೋಹದ ದ್ರಾವಣ ಬೆರೆಸುವಾಗ ಪಿಎಚ್ 4ರ ಸುತ್ತ ಇರಲಿ. 6ರತ್ತ ಏರಿದರೆ ಕೈಟೊಸಾನ್ ತಾಮ್ರ ಹಿಡಿದುಕೊಂಡು ಗಂಟುಗಟ್ಟುತ್ತದೆ.

ಕೈಟೊಸಾನಿನ ಅಮೈನ್ ಗುಂಪು ತಾಮ್ರವನ್ನು ಚೆನ್ನಾಗಿ ಹಿಡಿಯುತ್ತದೆ, ಬೇರಿಯಂ ಅನ್ನು ಹೆಚ್ಚುಕಡಿಮೆ ಹಿಡಿಯುವುದೇ ಇಲ್ಲ. ಬೇರಿಯಂ ನಿಲ್ಲುವುದು ಜೆಲ್ಲಿನ ಅಂಟಿನಿಂದ ಮಾತ್ರ. ಆದ್ದರಿಂದ ಒಣಗಿಸುವುದು ತಡವಾಗಬಾರದು. ಬೀಕರಿನಲ್ಲಿ ಮೂರು ದಿನ ಇಟ್ಟರೆ ಅಂಚಿನಲ್ಲಿ ಬಿಳಿ ಹರಳು ಮೂಡುತ್ತದೆ. ಅಗಲವಾದ ಗಾಜಿನ ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹೊಯ್ದು 70 ಡಿಗ್ರಿ ಓವನ್‌ನಲ್ಲಿ ಇಟ್ಟರೆ ಒಂದು ದಿನದಲ್ಲಿ ಬಗ್ಗಿಸಿದರೆ ಮುರಿಯುವ ನೀಲಿ ಹಾಳೆ ಸಿಗುತ್ತದೆ, ಹಲಸಿನ ಹಪ್ಪಳದ ದಪ್ಪ. ಬೆಳಕಿಗೆ ಹಿಡಿದಾಗ ಬಿಳಿ ಚುಕ್ಕಿ ಕಂಡರೆ ಆ ತಟ್ಟೆಯನ್ನು ಮತ್ತೆ ಕರಗಿಸುವುದೇ ಲೇಸು.

ಸುಡುವ ಹಂತದಲ್ಲಿ ಅಪಘಾತದ ಸಾಧ್ಯತೆ ಇದೆ. ನೈಟ್ರೇಟ್ ಮತ್ತು ಸಕ್ಕರೆಯಂಥ ಪಾಲಿಮರ್ ಸೇರಿದರೆ ಅದು ಸಿಡಿಮದ್ದಿನ ಪುಡಿಯ ತಮ್ಮ. 200 ಡಿಗ್ರಿ ಆಸುಪಾಸಿನಲ್ಲಿ ಉಬ್ಬಿ, ಒಮ್ಮೆಲೇ ಹೊತ್ತಿಕೊಂಡು ಮೂಸೆಯಿಂದ ಹೊರಹಾರಬಹುದು. ಹಾಗೆ ಹೊತ್ತಿದರೆ ಒಳಗಿನ ತಾಪ ನಿಯಂತ್ರಣ ತಪ್ಪಿ ಅಚ್ಚಿನ ಆಕಾರವೂ ಹೋಗುತ್ತದೆ. ಹಾಳೆಯನ್ನು ಚೂರು ಮಾಡಿ ಅಲ್ಯುಮಿನಾ ದೋಣಿಯ ಕಾಲು ಭಾಗ ಮಾತ್ರ ತುಂಬಿ, ನಿಮಿಷಕ್ಕೆ 1 ಡಿಗ್ರಿಯಂತೆ 400ಕ್ಕೆ ಏರಿಸಿ, ಎರಡು ಗಂಟೆ ನಿಲ್ಲಿಸಿದರು. ಫರ್ನೇಸಿನ ಮೇಲಿನ ಕಿಂಡಿ ತೆರೆದೇ ಇತ್ತು. ಅಲ್ಲಿಂದ ನಿಮಿಷಕ್ಕೆ 5ರಂತೆ 920ಕ್ಕೆ, 4 ಗಂಟೆ.

ಇಲ್ಲೊಂದು ಆಯ್ಕೆ ಮಾಡಲೇಬೇಕು. ತಂತಿ, ಸ್ಪಂಜು, ಪದರ ಎಂದು ಆಕಾರ ಬೇಕಾದರೆ ಅರೆಯಬಾರದು, ಒತ್ತಬಾರದು. ಆಗ ತೇಲಾಟದ ನಿರೀಕ್ಷೆ ಬಿಟ್ಟು ಕಾಂತೀಯತೆಯನ್ನು ಉಪಕರಣದಲ್ಲಿ ಅಳೆಯಬೇಕು. ತೇಲಿಸಬೇಕಾದರೆ ಅರೆದು ಬಿಲ್ಲೆ ಒತ್ತಬೇಕು. ಆಗ ಸೂಕ್ಷ್ಮದರ್ಶಕದ ಚೆಂದದ ಚಿತ್ರ ಸಿಗದು. ಮೊದಲ ಸಲ ಒಂದೇ ಬಿಲ್ಲೆಯಿಂದ ಎರಡನ್ನೂ ಬಯಸಿದ್ದರು. ಈ ಸಲ ಕಾಲು ಭಾಗವನ್ನು ಅರೆಯದೆ ತೆಗೆದಿಟ್ಟು, ಉಳಿದ 1.5 ಗ್ರಾಮನ್ನು ಇನ್‌ಫ್ರಾರೆಡ್ ಪ್ರಯೋಗಕ್ಕೆ ಇರುವ 13 ಮಿ.ಮೀ. ಅಚ್ಚಿನಲ್ಲಿ 4 ಟನ್ ಭಾರಕ್ಕೆ ಒತ್ತಿದರು. ದಪ್ಪ ಎರಡೂವರೆ ಮಿ.ಮೀ. ಅಲ್ಯುಮಿನಾದ ಮೇಲೆ ನೇರ ಇಡದೆ, ಅದೇ ಪುಡಿಯ ತೆಳು ಹಾಸಿನ ಮೇಲಿಟ್ಟರು. ಇಲ್ಲದಿದ್ದರೆ ಬಿಸಿಯಲ್ಲಿ ಅಲ್ಯುಮಿನಿಯಂ ಬಿಲ್ಲೆಯ ತಳಕ್ಕೆ ಹೊಕ್ಕುತ್ತದೆ. 930 ಡಿಗ್ರಿ, 12 ಗಂಟೆ. 950 ದಾಟಿಸಬಾರದು, ಥರ್ಮೋಕಪಲ್ 20 ಡಿಗ್ರಿ ಸುಳ್ಳು ಹೇಳಿದರೂ ಬಿಲ್ಲೆ ಬೆವರಿ ಹಾಸಿಗೆ ಅಂಟುತ್ತದೆ.

ಇಳಿಸುವಾಗ ನಿಮಿಷಕ್ಕೆ 1 ಡಿಗ್ರಿ; 450ರಲ್ಲಿ ಸಿಲಿಕಾ ಜೆಲ್ ಮೂಲಕ ಒಣಗಿಸಿದ ಆಮ್ಲಜನಕದ ಸಣ್ಣ ಹರಿವಿನಲ್ಲಿ 24 ಗಂಟೆ. ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಮುಟ್ಟಿಸುವಂತಿಲ್ಲ. ಒತ್ತಡದ ಆಮ್ಲಜನಕದಲ್ಲಿ ಗ್ರೀಸ್ ತಾನಾಗಿ ಹೊತ್ತುತ್ತದೆ.

ಜತೆಗೆ, ಮೊದಲ ಸಲ ಯಾರಿಗೂ ಹೊಳೆಯದ ಒಂದು ಕೆಲಸ ಮಾಡಿದರು: ಕೈಟೊಸಾನ್ ಇಲ್ಲದ ಜೋಡಿ ಬಿಲ್ಲೆ. ಅದೇ ನೈಟ್ರೇಟುಗಳು, ಅದೇ ತಟ್ಟೆ, ಅದೇ ಫರ್ನೇಸ್.

ಏನು ಸಿಕ್ಕಿತು

ಕೈಟೊಸಾನ್ ಬಿಲ್ಲೆ ಕಪ್ಪು. 100 ಮಿ.ಗ್ರಾಂ. ಪುಡಿ ಆಮ್ಲದಲ್ಲಿ ಪೂರ್ತಿ ಕರಗಿತು, ತಳದಲ್ಲಿ ಬಿಳಿ ಇಲ್ಲ. ಸಾರಜನಕದಲ್ಲಿ ಅದೇ 5 ಮಿ.ಮೀ. ಅಯಸ್ಕಾಂತ ಸುಮಾರು 2 ಮಿ.ಮೀ. ಎತ್ತರದಲ್ಲಿ ನಿಂತಿತು, ಬೆರಳಿನಿಂದ ತಿರುಗಿಸಿದರೆ ಬುಗುರಿಯಂತೆ ತಿರುಗಿತು. ಮಂಗಳೂರಿನಿಂದ 50 ಕಿ.ಮೀ. ತಂದ ಸಾರಜನಕ. ಕ್ಯಾನಿನ ಮುಚ್ಚಳ ಸಡಿಲವಾಗಿಯೇ ಇರಬೇಕು, ಗಾಡಿಯ ಗಾಜು ಇಳಿಸಿರಬೇಕು. 1 ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಹಸುವಿಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಲು ಬರುವವರ ಕ್ಯಾನಿನಲ್ಲಿ ಇರುವುದೂ ಇದೇ. ಆ ಕ್ಯಾನನ್ನು ಕಂಡವರಿಗೆ ಮುಚ್ಚಳದ ವಿಷಯ ಹೇಳಬೇಕಾಗಿಲ್ಲ.

ಜೋಡಿ ಬಿಲ್ಲೆಯ ಕಥೆ ಪ್ರಾಮಾಣಿಕವಾಗಿ ಹೇಳಬೇಕು. ಒಣಗುವಾಗ ಬೇರಿಯಂ ನೈಟ್ರೇಟ್ ಮೊದಲೇ ಹರಳಾಯಿತು. ಬಿಲ್ಲೆಯನ್ನು ಮುರಿದಾಗ ಒಳಗೆ ಹಸಿರು ಚುಕ್ಕಿಗಳಿದ್ದವು. ಅಯಸ್ಕಾಂತ ಒಂದು ಬದಿ ಎದ್ದು, ಇನ್ನೊಂದು ಬದಿ ತಾಗಿಕೊಂಡೇ ನಿಂತಿತು. ಆದರೆ ಅದನ್ನು ಅರೆದು, ಇನ್ನೊಮ್ಮೆ ಒತ್ತಿ, ಇನ್ನೊಮ್ಮೆ ಸುಟ್ಟಾಗ ಅದೂ ತೇಲಿಸಿತು. ಹಾಗಾದರೆ ಸಿಗಡಿ ಸಿಪ್ಪೆ ಈ ಪ್ರಯೋಗಾಲಯಕ್ಕೆ ಉಳಿಸಿದ್ದು ಒಂದು ಸುತ್ತಿನ ಅರೆತ ಮತ್ತು ಸುಡುವಿಕೆ. ವರದಿಯ ಶೀರ್ಷಿಕೆಯಿಂದ 'ಜೈವಿಕ ಅತಿವಾಹಕ' ಹೋಗಿ 'ಕೈಟೊಸಾನ್ ಜೆಲ್ ಮೂಲಕ' ಎಂಬುದು ಬಂತು.

ಹಸಿರನ್ನು ಪೂರ್ತಿ ಶತ್ರು ಎನ್ನುವುದೂ ಸರಿಯಲ್ಲ. ಕರಗಿಸಿ ಬೆಳೆಸುವ ದೊಡ್ಡ ಗಟ್ಟಿಗಳಲ್ಲಿ 211ರ ಸಣ್ಣ ಕಣಗಳನ್ನು ಬೇಕೆಂದೇ ಬಿಡುತ್ತಾರೆ. ಕಾಂತಕ್ಷೇತ್ರದ ಎಳೆಗಳನ್ನು ಅವು ಗೂಟದಂತೆ ಹಿಡಿದಿಡುತ್ತವೆ. ಆದರೆ ಗೂಟ ಬೇಲಿಗೆ ಇರಬೇಕಾದಷ್ಟೇ ಇರಬೇಕು; ಮೊದಲ ಬಿಲ್ಲೆಯಲ್ಲಿ ಗದ್ದೆಯ ತುಂಬ ಗೂಟವೇ ಇತ್ತು.

ಮಳೆ ಶುರುವಾದ ಮೇಲೆ ಕಪ್ಪು ಬಿಲ್ಲೆಗೂ ಪೆಟ್ಟು ಬಿತ್ತು. ಪ್ರತಿ ಸಲ ಸಾರಜನಕದಿಂದ ತೆಗೆದಾಗ ಅದರ ಮೇಲೆ ಗಾಳಿಯ ನೀರು ಹಿಮವಾಗಿ ಕೂತು ಕರಗುತ್ತಿತ್ತು. 123 ನೀರಿನೊಡನೆ ಸೇರಿ 211, ತಾಮ್ರದ ಆಕ್ಸೈಡ್ ಮತ್ತು ಬೇರಿಯಂ ಹೈಡ್ರಾಕ್ಸೈಡ್ ಆಗಿ ಒಡೆಯುತ್ತದೆ; ಹೈಡ್ರಾಕ್ಸೈಡ್ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಬಿಳಿ ಕಾರ್ಬೊನೇಟಿನ ಪೊರೆ ಕಟ್ಟುತ್ತದೆ. ಐದಾರು ಪ್ರದರ್ಶನಗಳ ನಂತರ ಅಂಚಿನಲ್ಲಿ ಆ ಬಿಳಿ ಕಾಣಿಸಿತು. ಈಗ ಸಾರಜನಕದಿಂದ ತೆಗೆದೊಡನೆ ಬಿಲ್ಲೆಯನ್ನು ಝಿಪ್ ಚೀಲಕ್ಕೆ ಹಾಕಿ, ಚೀಲದೊಳಗೇ ಕೋಣೆಯ ತಾಪಕ್ಕೆ ಬರಲು ಬಿಡುತ್ತಾರೆ. ಹಿಮ ಚೀಲದ ಹೊರಗೆ ಕೂರುತ್ತದೆ. ನಂತರ 80 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ, ಆಮೇಲೆ ನೀಲಿ ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಬಾಟಲಿ. ಜೆಲ್ ಗುಲಾಬಿಯಾದ ದಿನ ಅದನ್ನು ಹುರಿದು ಮತ್ತೆ ನೀಲಿ ಮಾಡಬೇಕು; ಜುಲೈಯಲ್ಲಿ ಅದು ವಾರಕ್ಕೊಮ್ಮೆ.